ಮೀನು ಕೊಳ್ಳುವಾಗ ಬಣ್ಣವನ್ನು ಕೊನೆಗೆ ನೋಡಿ

ಅಕ್ವೇರಿಯಂ ಮೀನನ್ನು ಮಾರಾಟಕ್ಕೆ ಸಿದ್ಧಪಡಿಸುವವರಿಗೆ ತಿದ್ದಲು ಅತಿ ಸುಲಭವಾದದ್ದು ಬಣ್ಣ. ಬೆನ್ನುಮೂಳೆ, ಉಸಿರಾಟ, ಈಜುವ ರೀತಿ ಇವನ್ನು ತಿದ್ದಲಾಗದು. ಕೊಳ್ಳುವವರ ಕಣ್ಣು ಮಾತ್ರ ಮೊದಲು ಬಣ್ಣದ ಮೇಲೆಯೇ ಬೀಳುತ್ತದೆ. ಆ ಕ್ರಮವನ್ನು ತಿರುವುಮುರುವು ಮಾಡಿಕೊಳ್ಳಿ.

ಮೊದಲು ತೊಟ್ಟಿ, ಆಮೇಲೆ ಮೀನು

ಒಂದು ಮೀನನ್ನು ಆರಿಸುವ ಮುನ್ನ ಇಡೀ ತೊಟ್ಟಿಯನ್ನು ನೋಡಿ. ಸತ್ತ ಮೀನು ತೇಲುತ್ತಿದ್ದರೆ ಅಥವಾ ಒಂದರ ಮೈಮೇಲಾದರೂ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆಗಳಿದ್ದರೆ, ಅಲ್ಲಿನ ಯಾವ ಮೀನೂ ಬೇಡ. ಹಲವು ತೊಟ್ಟಿಗಳಿಗೆ ಒಂದೇ ಫಿಲ್ಟರ್ ಇದ್ದರೆ ಪಕ್ಕದ ತೊಟ್ಟಿಯ ಮೀನೂ ಬೇಡ, ರೋಗ ನೀರಿನೊಂದಿಗೆ ಹರಿದಿರುತ್ತದೆ. ನೀರು ನೀಲಿಯಾಗಿದ್ದರೆ ಔಷಧಿ ಹಾಕಿರಬಹುದು, ಕಾರಣ ಕೇಳಿ. ಗುಲಾಬಿ ಛಾಯೆಯ ದೀಪದಡಿ ಕೆಂಪು ಮೀನೆಲ್ಲ ಇನ್ನಷ್ಟು ಕೆಂಪಾಗಿ ಕಾಣುತ್ತದೆ. ಬಿಳಿ ಬೆಳಕಿನಲ್ಲಿ ತೋರಿಸಲು ಹೇಳಿ.

ಬಳಿಕ ಎರಡು ಹೆಜ್ಜೆ ಹಿಂದೆ ನಿಂತು ಸುಮ್ಮನೆ ಗಮನಿಸಿ. ಆರೋಗ್ಯವಂತ ಮೀನು ರೆಕ್ಕೆ ಬಿಚ್ಚಿ ಈಜುತ್ತದೆ. ರೆಕ್ಕೆ ಮಡಚಿಕೊಂಡು ಮೂಲೆ ಹಿಡಿದದ್ದು, ಕಲ್ಲಿಗೆ ಮೈ ಉಜ್ಜುವುದು, ಗುಂಪಿನಲ್ಲಿರಬೇಕಾದ ಟೆಟ್ರಾ ಒಂಟಿಯಾಗಿ ನಿಂತದ್ದು ಇವೆಲ್ಲ ಕಾಯಿಲೆಯ ಸೂಚನೆಗಳು. ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಉಸಿರಿಗೆ ಪರದಾಡುತ್ತಿದ್ದರೆ ಆಮ್ಲಜನಕದ ಕೊರತೆಯೋ ಕಿವಿರಿನ ತೊಂದರೆಯೋ ಇರುತ್ತದೆ. ಆದರೆ ಫೈಟರ್, ಗೌರಾಮಿಗಳು ಆಗಾಗ ಮೇಲೆ ಬಂದು ಗಾಳಿ ಕುಡಿಯುವುದು ಸಹಜ, ಅವುಗಳಿಗೆ ಅದಕ್ಕೆಂದೇ ಒಂದು ಅಂಗವಿದೆ.

ಮೈಕಟ್ಟು

ಪಕ್ಕದಿಂದಷ್ಟೇ ಅಲ್ಲ, ಮೇಲಿನಿಂದಲೂ ನೋಡಿ. ತಲೆಯ ಹಿಂಭಾಗ ಒಳಸೇರಿ ಬೆನ್ನು ಚೂಪಾಗಿದ್ದರೆ ಮೀನು ಬಹುಕಾಲದಿಂದ ಸೊರಗಿದೆ ಎಂದರ್ಥ. ಹೊಟ್ಟೆ ಉಬ್ಬಿ ಹುರುಪೆಗಳು ಎದ್ದು ನಿಂತಿದ್ದರೆ ಚೇತರಿಕೆಯ ಆಸೆ ಕಡಿಮೆ. ಕಣ್ಣು ತಿಳಿಯಾಗಿರಬೇಕು, ಎರಡೂ ಕಡೆಯ ಕಿವಿರಿನ ಮುಚ್ಚಳ ಒಂದೇ ಸಮನೆ ಆಡಬೇಕು. ಒಂದು ಚಿಟಿಕೆ ಆಹಾರ ಹಾಕಿಸಿ. ತಿನ್ನದ ಮೀನನ್ನು ಮನೆಗೆ ತರಬೇಡಿ.

ತಳಿಗೆ ತಕ್ಕ ಲಕ್ಷಣಗಳೂ ಇವೆ. ಗೋಲ್ಡ್ ಫಿಶ್‌ಗಳಲ್ಲಿ ಒರಾಂಡಾಗೆ ಬೆನ್ನಿನ ರೆಕ್ಕೆ ಇರಲೇಬೇಕು, ರಾಂಚುಗೆ ಇರಬಾರದು. ರಾಂಚುವಿನ ಬೆನ್ನಿನ ಮೇಲೆ ಸಣ್ಣ ಗಂಟೋ ಮುಳ್ಳೋ ಉಳಿದಿದ್ದರೆ ಅದು ಕೊರತೆ. ಕೊಳದಲ್ಲಿ ಸಾಕುವ ಬಣ್ಣದ ಕಾರ್ಪ್ ಮೀನಾದ ಕೋಯಿಯನ್ನು ಅಳೆಯುವುದು ಮೇಲಿನಿಂದ: ಮೊದಲು ದೇಹದ ಆಕಾರ, ನಂತರ ಬಿಳಿಯ ಶುಭ್ರತೆ ಮತ್ತು ಕೆಂಪಿನ ಅಂಚಿನ ಸ್ಪಷ್ಟತೆ. ಮರಿ ಕೋಯಿಯ ಬಣ್ಣ ಬೆಳೆಯುತ್ತಾ ಬದಲಾಗುತ್ತದೆ.

ಬಣ್ಣ ಎಲ್ಲಿಂದ ಬಂತು?

ಬಣ್ಣ ಹೆಚ್ಚಿಸುವುದೆಲ್ಲ ಮೋಸವಲ್ಲ. ಕೆಂಪು, ಕಿತ್ತಳೆಗೆ ಬೇಕಾದ ಕೆರೋಟಿನಾಯ್ಡ್ ಎಂಬ ವರ್ಣದ್ರವ್ಯಗಳನ್ನು ಮೀನಿನ ದೇಹ ತಾನೇ ತಯಾರಿಸಲಾರದು, ಆಹಾರದಿಂದಲೇ ಪಡೆಯಬೇಕು. ಸ್ಪಿರುಲಿನಾ ಎಂಬ ಪಾಚಿಯೋ ಅಸ್ಟಾಕ್ಸಾಂತಿನ್ ಎಂಬ ಕೆರೋಟಿನಾಯ್ಡೋ ಇರುವ ಆಹಾರ ಕೊಟ್ಟು ಬೆಳೆಸಿದರೆ ತಪ್ಪೇನಿಲ್ಲ. ನಿಲ್ಲಿಸಿದರೆ ಬಣ್ಣ ನಿಧಾನವಾಗಿ ತಗ್ಗುತ್ತದೆ, ಅಷ್ಟೇ.

ಹಾರ್ಮೋನಿನ ಕಥೆ ಬೇರೆ. ಗಂಡು ಹಾರ್ಮೋನು ಕೊಟ್ಟರೆ ಮರಿಗಳಿಗೂ ಹೆಣ್ಣುಗಳಿಗೂ ಅಕಾಲದಲ್ಲಿ ಗಾಢ ಬಣ್ಣ ಬರುತ್ತದೆ, ಸಂತಾನಶಕ್ತಿ ಕೆಡುತ್ತದೆ. ಒಂದೇ ತೊಟ್ಟಿಯಲ್ಲಿರುವ ಫ್ಲವರ್‌ಹಾರ್ನ್ ಎಂಬ ಮಿಶ್ರತಳಿಯ ಎಳೆಯ ಮರಿಗಳೆಲ್ಲವೂ ವಯಸ್ಸಿಗೆ ಮೀರಿ ಕೆಂಪೇರಿದ್ದರೆ ಅನುಮಾನಿಸಿ.

ಅತ್ಯಂತ ಕ್ರೂರವಾದದ್ದು ಬಣ್ಣ ತುಂಬುವುದು. ಪಾರದರ್ಶಕ ಮೈಯ ಗಾಜಿನ ಮೀನಿಗೆ ಸೂಜಿಯಿಂದ ಬಣ್ಣ ಚುಚ್ಚುತ್ತಾರೆ. ಗುಲಾಬಿ, ಹಸಿರು, ಹಳದಿಯ ಹೊಳೆಯುವ ಗೆರೆಗಳು ಅದರ ಬೆನ್ನಿನುದ್ದಕ್ಕೂ, ಹೊಟ್ಟೆಯುದ್ದಕ್ಕೂ ಕಂಡರೆ ಅದು ಸೂಜಿಯ ಕೆಲಸ. ಇನ್ನು ಕೆಲವು ಮೀನುಗಳ ಮೈಯ ಲೋಳೆಯನ್ನು ರಾಸಾಯನಿಕದಿಂದ ತೆಗೆದು ಬಣ್ಣದ ನೀರಿನಲ್ಲಿ ಅದ್ದುತ್ತಾರೆ. ಸೋಂಕು ತಡೆಯಲು ಮೀನಿಗಿರುವ ಮೊದಲ ರಕ್ಷಣೆಯೇ ಆ ಲೋಳೆ. ಬದುಕುಳಿದರೂ ಬಣ್ಣ ಕೆಲವು ತಿಂಗಳಲ್ಲಿ ಮಾಸುತ್ತದೆ. ಪ್ಯಾರಟ್ ಫಿಶ್‌ನ ಬಾಲ ಕತ್ತರಿಸಿ ಹೃದಯದ ಆಕಾರ ಕೊಡುವುದೂ ನಡೆಯುತ್ತದೆ. ಇಂಥ ಮೀನನ್ನು ಕನಿಕರಪಟ್ಟು ಸಹ ಕೊಳ್ಳಬೇಡಿ, ಕೊಂಡಷ್ಟೂ ಆ ಕೆಲಸ ಮುಂದುವರಿಯುತ್ತದೆ.

ಮೈಯೆಲ್ಲ ಸಮನಾಗಿ ಬಣ್ಣವಿದ್ದು ನೀಲಿ ಬೆಳಕಿನಲ್ಲಿ ಹೊಳೆಯುವ ಜೀಬ್ರಾ ಮೀನು ಕುಲಾಂತರಿ ಇರಬಹುದು. 2003ರಿಂದ ಅಮೆರಿಕದಲ್ಲಿ ಮಾರಾಟವಾಗುತ್ತಿರುವ ಇವುಗಳ ಬಣ್ಣ ವಂಶವಾಹಿಯಿಂದ ಬಂದದ್ದು, ಮಾಸುವುದಿಲ್ಲ. ಹಲವು ದೇಶಗಳಲ್ಲಿ ಇವುಗಳ ಮಾರಾಟಕ್ಕೆ ಅನುಮತಿಯಿಲ್ಲ.

ಏಷ್ಯಾದ ಅರೊವಾನಾ ಕೊಳ್ಳುವವರು ಕಾಗದಪತ್ರವನ್ನೂ ನೋಡಬೇಕು. ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಪಟ್ಟಿಯಲ್ಲಿ ಅದಿದೆ. ನೋಂದಾಯಿತ ಸಾಕಣೆ ಕೇಂದ್ರದ ಮೀನಿನ ಮೈಯೊಳಗೆ ಮೈಕ್ರೋಚಿಪ್ ಇರುತ್ತದೆ. ಸ್ಕ್ಯಾನರ್‌ನಲ್ಲಿ ಬರುವ ಸಂಖ್ಯೆ ಪ್ರಮಾಣಪತ್ರದ ಸಂಖ್ಯೆಗೆ ತಾಳೆಯಾಗಬೇಕು.

ಮನೆಗೆ ತಂದ ಮೇಲೆ

ಚೀಲವನ್ನು 15–20 ನಿಮಿಷ ನೀರಿನಲ್ಲಿ ತೇಲಿಬಿಡಿ, ಮೀನನ್ನು ಬಲೆಯಿಂದ ಎತ್ತಿ ಬಿಡಿ, ಚೀಲದ ನೀರನ್ನು ತೊಟ್ಟಿಗೆ ಸುರಿಯಬೇಡಿ. ಹಳೆಯ ಮೀನುಗಳೊಂದಿಗೆ ಸೇರಿಸದೆ, ಸ್ಪಂಜ್ ಫಿಲ್ಟರ್ ಇರುವ ಬೇರೆ ತೊಟ್ಟಿಯಲ್ಲಿ ಮೂರು–ನಾಲ್ಕು ವಾರ ಇಡಿ. ಪ್ರಯಾಣದ ದಣಿವಿಗೆ ಮೊದಲ ಒಂದೆರಡು ದಿನ ಎಲ್ಲ ಮೀನೂ ಪೇಲವವಾಗುತ್ತದೆ. ಮೂರನೆಯ ದಿನ ಬಿಳಿ ಬೆಳಕಿನಲ್ಲಿ ಫೋಟೋ ತೆಗೆದಿಟ್ಟು, ಸಾದಾ ಆಹಾರ ಕೊಡುತ್ತಾ, ಅವಧಿ ಮುಗಿದಾಗ ಅದೇ ಬೆಳಕಿನಲ್ಲಿ ಮತ್ತೊಂದು ತೆಗೆಯಿರಿ. ಚುರುಕಾಗಿ ತಿನ್ನುತ್ತಿದ್ದರೂ ಬಣ್ಣ ತೀರಾ ಇಳಿದಿದ್ದರೆ, ಮುಂದಿನ ಮೀನನ್ನು ಬೇರೆ ಕಡೆ ಹುಡುಕಿ.