ಗ್ರೇಡರ್ ಬ್ಲೇಡಿಗೆ ಬಿಡಿ ಹಲ್ಲು: ನನ್ನ ವರ್ಕ್‌ಶಾಪಿನ ಅನುಭವ

ಬಳ್ಳಾರಿಯ ನನ್ನ ವರ್ಕ್‌ಶಾಪಿಗೆ ಬರುವ ಗ್ರೇಡರ್‌ಗಳಲ್ಲಿ (ಉದ್ದ ಬ್ಲೇಡಿನಿಂದ ರಸ್ತೆ ಸಮ ಮಾಡುವ ಮೆಷಿನ್) ಜಾಸ್ತಿ ಪಾಲು ಸಂಡೂರು ಕಡೆಯ ಗಣಿ ರಸ್ತೆಗಳಲ್ಲಿ ದುಡಿಯುವಂಥವು. ಬ್ಲೇಡಿನ ಕೆಳಗೆ ಬೋಲ್ಟ್ ಹಾಕಿ ಕೂರಿಸಿದ, ನೆಲ ಕೆರೆಯುವ ಉಕ್ಕಿನ ಪಟ್ಟಿಯೇ ಎಡ್ಜ್. ಅದನ್ನು ಬಿಚ್ಚುವ ಕೆಲಸವನ್ನು ಇಷ್ಟಪಟ್ಟು ಮಾಡುವ ಹುಡುಗನನ್ನು ನಾನಂತೂ ನೋಡಿಲ್ಲ. 12 ಅಡಿ ಬ್ಲೇಡಿಗೆ 6 ಅಡಿಯ ಎರಡು ತುಂಡು. 6 ಇಂಚು ಅಗಲ, 5/8 ಇಂಚು ದಪ್ಪ ಅಂದ್ರೆ ಒಂದೊಂದು ತುಂಡು ಸುಮಾರು 35 ಕೆಜಿ ತೂಗುತ್ತದೆ. ಬೋಲ್ಟಿನ ತಲೆ ಎಡ್ಜಿನೊಳಗೆ ಹೂತಿರುತ್ತದೆ, ನಟ್ ಹಿಂದುಗಡೆ. ಅದಿರಿನ ಧೂಳು ನೀರು ಕುಡಿದು ಒಣಗಿ ನಟ್ಟನ್ನು ಕಚ್ಚಿ ಹಿಡಿದಿರುತ್ತದೆ. ತಲೆ ಸವೆದಿದ್ದರೆ ಬೋಲ್ಟು ನಟ್ಟಿನ ಜೊತೆಗೇ ಸುತ್ತುತ್ತದೆ. ಕೊನೆಗೆ ಗ್ಯಾಸ್ ಕಟಿಂಗೇ ಗತಿ.

ಇಷ್ಟು ಒದ್ದಾಡಿ ತೆಗೆದ ಎಡ್ಜ್ ನೋಡಿದರೆ ಹೊಟ್ಟೆ ಉರಿಯುತ್ತದೆ. ಬ್ಲೇಡನ್ನು ಓರೆ ಮಾಡಿ ಓಡಿಸುತ್ತಾರಲ್ವಾ, ಮುಂದಿರುವ ತುದಿಯೇ ನೆಲ ಕೀಳುತ್ತದೆ. ಹಿಂದಿನ ತುದಿ ಮಣ್ಣು ಸರಿಸುತ್ತದೆ ಅಷ್ಟೆ. ಹಾಗಾಗಿ ಮುಂದಿನ ಮೂಲೆ ಪೂರ್ತಿ ಹೋಗಿರುತ್ತದೆ, ಉಳಿದದ್ದರಲ್ಲಿ ಇನ್ನೂ ಜೀವ ಇರುತ್ತದೆ. ಬೋಲ್ಟ್ ಸಾಲಿನ ತನಕ ಸವೆಯಲು ಬಿಡುವಂತಿಲ್ಲ. ಬಿಟ್ಟರೆ ಬ್ಲೇಡಿನ ತಟ್ಟೆಗೇ ಪೆಟ್ಟು. ಅರ್ಧಕ್ಕರ್ಧ ಒಳ್ಳೆ ಉಕ್ಕು ಗುಜರಿಗೆ ಹೋಗುತ್ತದೆ.

ಎಡ್ಜನ್ನು ಬಿಡಿ ಹಲ್ಲುಗಳಾಗಿ ಮಾಡುವುದು ಹೊಸ ವಿಚಾರ ಅಲ್ಲ. ಹಿಟಾಚಿ ಬಕೆಟ್ಟಿನ ಹಲ್ಲು ಪಿನ್ ಮೇಲೇ ನಿಲ್ಲುತ್ತದೆ. ಗ್ರೇಡರಿಗೂ ಕ್ಯಾಟರ್‌ಪಿಲ್ಲರ್, ಸ್ಯಾಂಡ್‌ವಿಕ್ ಕಂಪನಿಗಳು ಉಕ್ಕಿಗಿಂತ ಬಹಳ ಗಟ್ಟಿಯಾದ ಕಾರ್ಬೈಡ್ ತುದಿಯ ಬಿಟ್‌ಗಳನ್ನು ಮಾಡಿವೆ. ನನಗೆ ಬೇಕಿದ್ದದ್ದು ನಮ್ಮೂರಿನ ಲೇತು, ಮಿಲ್ಲಿಂಗ್ ಮೆಷಿನ್ನಿನಲ್ಲಿ ಆಗುವಂಥದ್ದು. ಗಣಿ ರಸ್ತೆಯ ಬದಿಯಲ್ಲಿ ನಿಂತು ಆಪರೇಟರ್ ಒಬ್ಬನೇ ಸುತ್ತಿಗೆ ಹಿಡಿದು ಬದಲಿಸುವಂಥದ್ದು. ಒಬ್ಬ ಆಪರೇಟರ್ ಹೇಳಿದ ಮಾತು ತಲೆಯಲ್ಲಿ ಕೂತಿತ್ತು: 'ಅಣ್ಣಾ, ಗಟ್ಟಿ ಹಿಡಿಯೋದು ಎಲ್ಲರಿಗೂ ಬರ್ತದೆ. ಬೇಕಾದಾಗ ಬಿಡೋ ಹಂಗೆ ಮಾಡಿಕೊಡಿ.' ಅದಕ್ಕೇ ನಾನು ಡ್ರಾಯಿಂಗ್ ಶುರು ಮಾಡಿದ್ದು ಹಲ್ಲಿನಿಂದಲ್ಲ, ಹಲ್ಲು ಹೊರಗೆ ಬರುವ ದಾರಿಯಿಂದ.

ಲೇತಿನಲ್ಲಿ ಕೆಲಸ ಮಾಡಿದವರಿಗೆ ಎರಡು ಥರದ ಟೇಪರ್, ಅಂದ್ರೆ ಹೋಗ್ತಾ ಹೋಗ್ತಾ ಕಿರಿದಾಗುವ ಓರೆ, ಗೊತ್ತಿರುತ್ತದೆ. ಡ್ರಿಲ್ಲಿನ ಮೋರ್ಸ್ ಟೇಪರ್ ಬಹಳ ಕಡಿಮೆ ಓರೆ, ಒಟ್ಟು 3 ಡಿಗ್ರಿ ಆಸುಪಾಸು. ಒಮ್ಮೆ ಕೂತರೆ ಕಚ್ಚಿಕೊಳ್ಳುತ್ತದೆ, ಕಿಂಡಿಗೆ ಡ್ರಿಫ್ಟ್ ಅನ್ನುವ ಬೆಣೆ ಹೊಡೆಯದೆ ಬರುವುದಿಲ್ಲ. ಮಿಲ್ಲಿಂಗ್ ಮೆಷಿನ್ನಿನ 7/24 ಟೇಪರ್ 16 ಡಿಗ್ರಿಗಿಂತ ಜಾಸ್ತಿ. ಅದು ಸರಿಯಾಗಿ ಕೂರುತ್ತದೆ, ಹಿಡಿತ ಸಡಿಲಿಸಿದರೆ ತಾನೇ ಬಿಡುತ್ತದೆ. ಮೊದಲನೆಯದರಿಂದ ಡ್ರಿಫ್ಟಿನ ಕಿಂಡಿ ತೆಗೆದುಕೊಂಡೆ, ಎರಡನೆಯದರಿಂದ ಓರೆ. ಹಲ್ಲಿಗೆ ಮೇಲ್ಗಡೆ ಒಂದು ಬಾಲ, ಅದರ ಎರಡೂ ಬದಿ ಸೇರಿ 16 ಡಿಗ್ರಿ ಓರೆ. ಅದು ಕೂರುವ ಗೂಡೂ ಅದೇ ಓರೆ. ಗೂಡುಗಳೆಲ್ಲ ಒಂದು ಉದ್ದ ಹಲಗೆಯಲ್ಲಿ ಸಾಲಾಗಿವೆ. ಈ ಉಕ್ಕಿನ ಹಲಗೆ ಬ್ಲೇಡಿನ ಹಳೇ ಬೋಲ್ಟ್ ತೂತುಗಳಿಗೇ ಕೂರುತ್ತದೆ, ಬ್ಲೇಡಿಗೆ ಹೊಸ ತೂತು ಕೊರೆಯಬೇಕಾಗಿಲ್ಲ.

ಗ್ರೇಡರ್ ಕೆಲಸ ಮಾಡುವಾಗ ನೆಲ ಹಲ್ಲನ್ನು ಹಿಂದಕ್ಕೂ ಮೇಲಕ್ಕೂ ಒತ್ತುತ್ತದೆ. ಪಿಕಾಸಿಯ ಕಾವು ಬೀಸಿದಷ್ಟೂ ಬಿಗಿಯಾಗುವ ಹಾಗೆ, ಹಲ್ಲೂ ಕೆಲಸ ಮಾಡಿದಷ್ಟೂ ಗೂಡಿನೊಳಗೆ ಕೂರುತ್ತದೆ. ಹಿಂದಕ್ಕೆ ಬೀಳುವ ಹೊರೆಯನ್ನು ಹಲಗೆಯ ಬೆನ್ನು ಹೊರುತ್ತದೆ. ಮೇಲಕ್ಕೆ ಬೀಳುವುದನ್ನು ಹಲ್ಲಿನ ಭುಜ, ಅಂದ್ರೆ ಬಾಲದ ಬುಡದ ಮೆಟ್ಟಿಲು, ಹೊರುತ್ತದೆ. ಹಲಗೆ, ಬಾಲ ಎರಡನ್ನೂ ತೂರಿ ಹೋಗುವ ಪಿನ್ನಿಗೆ ಉಳಿಯುವುದು ಒಂದೇ ಕೆಲಸ: ಬ್ಲೇಡ್ ಎತ್ತಿದಾಗ ಹಲ್ಲು ಕೆಳಗೆ ಬೀಳದಂತೆ ನೋಡಿಕೊಳ್ಳುವುದು. ಅದಕ್ಕಾಗಿ ಬಾಲದ ತೂತನ್ನು ಮೇಲೆ-ಕೆಳಗೆ ಸ್ವಲ್ಪ ಉದ್ದ ಮಾಡಿದೆ. ಹೊರೆ ಬೀಳುವಾಗ ಪಿನ್ನಿಗೆ ಅದು ತಾಗುವುದೇ ಇಲ್ಲ. ಬಿಡಿ ಹಲ್ಲಿನ ಡಿಸೈನಿನಲ್ಲಿ ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಳ್ಳುವುದು ಇದನ್ನೇ. ಹೊರೆ ಹೊತ್ತ ಪಿನ್ ಬಾಗುತ್ತದೆ, ಬಾಗಿದ ಪಿನ್ ಹೊರಗೆ ಬರುವುದಿಲ್ಲ. ಆಮೇಲೆ ಮತ್ತೆ ಗ್ಯಾಸ್ ಸಿಲಿಂಡರೇ. ಅಂಗಡಿಯಲ್ಲಿ ಸಿಗುವ ಸಾದಾ ರೋಲ್ ಪಿನ್ನೇ ಸಾಕು.

ಹಲ್ಲು ತೆಗೆಯಲು ಬಾಲದ ತಲೆಯ ಮೇಲೆ, ಹಲಗೆಯ ಮುಂಭಾಗದಲ್ಲಿ ಒಂದು ಅಡ್ಡ ಕಿಂಡಿ. ಪಿನ್ ತಟ್ಟಿ ತೆಗೆದು, ಆ ಕಿಂಡಿಗೆ ಬೆಣೆ ಹೊಡೆದರೆ ಹಲ್ಲು ಕೆಳಗೆ ಸರಿಯುತ್ತದೆ. ಕೂಡಿಕೊಂಡ ಧೂಳನ್ನು ಕೆರೆಯಲೂ ಅದೇ ಕಿಂಡಿ. ಬೆಣೆಯನ್ನು ಮೈಲ್ಡ್ ಸ್ಟೀಲಿನಲ್ಲೇ ಮಾಡಿಸಿ. ಗಟ್ಟಿ ಉಕ್ಕನ್ನು ಗಟ್ಟಿ ಸುತ್ತಿಗೆಯಿಂದ ಹೊಡೆದರೆ ಚೂರು ಹಾರಿ ಕಣ್ಣಿಗೆ ಬೀಳುತ್ತದೆ. ಕನ್ನಡಕ ಹಾಕಲೇಬೇಕು. ಎಂಜಿನ್ ಬಂದ್ ಮಾಡಿ, ಬ್ಲೇಡಿನ ಕೆಳಗೆ ಮರದ ದಿಮ್ಮಿ ಕೊಟ್ಟ ಮೇಲೆಯೇ ಕೈ ಹಾಕಬೇಕು. ತೂತು ಸರಿಯಾಗಿ ಎದುರುಬದುರಾಗಿದೆಯೋ ಇಲ್ಲವೋ ಅಂತ ಬೆರಳು ತೂರಿಸಿ ನೋಡುವವರನ್ನು ನಾನು ಅಲ್ಲೇ ತಡೆಯುತ್ತೇನೆ. ಹಲ್ಲು ಜಾರಿದರೆ ಬೆರಳು ಉಳಿಯುವುದಿಲ್ಲ.

ಹಲ್ಲಿಗೆ ಇಎನ್19 ಉಕ್ಕು ಬಳಸುತ್ತೇನೆ. 860 ಡಿಗ್ರಿ ಆಸುಪಾಸಿಗೆ ಕಾಯಿಸಿ ತುದಿಯನ್ನು ಮಾತ್ರ ಎಣ್ಣೆಯಲ್ಲಿ ಅದ್ದುತ್ತೇವೆ, ಬಾಲ ಹೊರಗೇ ನಿಧಾನವಾಗಿ ಆರುತ್ತದೆ. ಆಮೇಲೆ ಒಟ್ಟಾಗಿ 200 ಡಿಗ್ರಿಯಲ್ಲಿ ಟೆಂಪರಿಂಗ್, ಅಂದ್ರೆ ಪೆಡಸು ಕಳೆಯಲು ಮತ್ತೆ ಕಾಯಿಸುವುದು. ತುದಿ ಗಟ್ಟಿ, ಬಾಲ ಮೆತ್ತಗೆ, ಪೆಟ್ಟು ತಿಂದರೂ ಮುರಿಯದು. ಇಂಥ ತುದಿಯ ಮೇಲೆ ಯಾರೂ ವೆಲ್ಡಿಂಗ್ ಮಾಡಬಾರದು. ಒಂದು ಕಡೆ ಬಿರುಕು ಬಿಡುತ್ತದೆ, ಇನ್ನೊಂದು ಕಡೆ ಗಟ್ಟಿತನ ಹೋಗುತ್ತದೆ.

2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಕೆಲಸ ಹುಡುಕಿಕೊಂಡು ಮೆಷಿನ್‌ಗಳು ಬೇರೆ ಕಡೆ ಹೋದವು. ಕೊಪ್ಪಳ, ರಾಯಚೂರಿನ ಕಾಲುವೆ, ರಸ್ತೆ ಕೆಲಸಗಳ ಪರಿಚಯ ನನಗೆ ಆದದ್ದು ಹಾಗೆ. ಒಂದೇ ಹಲ್ಲು ಎಲ್ಲ ನೆಲಕ್ಕೂ ಆಗದು ಅನ್ನುವುದು ಅಲ್ಲಿ ಕಣ್ಣಿಗೆ ಕಂಡಿತು. ರಾಯಚೂರಿನ ಎರೆಮಣ್ಣು ಉಕ್ಕನ್ನು ಅಷ್ಟೇನೂ ತಿನ್ನುವುದಿಲ್ಲ, ಆದರೆ ಹಸಿಯಾದರೆ ಅಂಟುತ್ತದೆ. ಹಲ್ಲುಗಳ ನಡುವೆ ಸಂದು ಇದ್ದರೆ ಅಲ್ಲೇ ಮೆತ್ತಿಕೊಂಡು ಕೂರುತ್ತದೆ. ಅಲ್ಲಿಗೆ ಒಂದಕ್ಕೊಂದು ತಾಗುವ ಅಗಲ ಹಲ್ಲು. ಗ್ರಾನೈಟ್ ಒಡೆದು ಆದ ಗರಸಿನಲ್ಲಿ ಕ್ವಾರ್ಟ್ಸ್ ಇರುತ್ತದೆ, ಮೋಸ್ ಅಳತೆಯಲ್ಲಿ ಅದರ ಗಟ್ಟಿತನ 7. ಅದಿರಿನ ಹೆಮಟೈಟ್ 5.5ರಿಂದ 6.5. ಅದಕ್ಕೇ ಗರಸಿನಲ್ಲಿ ಉಕ್ಕಿನ ಹಲ್ಲು ಬೇಗ ಕರಗುತ್ತದೆ, ಟಂಗ್‌ಸ್ಟನ್ ಕಾರ್ಬೈಡ್ ತುದಿ ಬೇಕಾಗುತ್ತದೆ.

ಕಾರ್ಬೈಡ್ ಕೂರಿಸುವಾಗ ಎಚ್ಚರ ಬೇಕು. ಕಾದಾಗ ಅದು ಉಕ್ಕಿನ ಅರ್ಧದಷ್ಟೇ ಹಿಗ್ಗುತ್ತದೆ. ಸುಮ್ನೆ ಬೆಸೆದರೆ ಆರುವಾಗ ಸೀಳುತ್ತದೆ. ನಡುವೆ ತಾಮ್ರದ ತೆಳು ಹಾಳೆ ಇಟ್ಟು ಸಿಲ್ವರ್ ಬ್ರೇಜಿಂಗ್ (ಬೆಳ್ಳಿ ಬೆರೆತ ಬೆಸುಗೆ) ಮಾಡಿ ನಿಧಾನ ಆರಿಸಬೇಕು. ಬ್ರೇಜಿಂಗಿನ ಬಿಸಿಗೆ ಉಕ್ಕಿನ ಹದ ಹೋಗುವುದರಿಂದ ಈ ಹಲ್ಲುಗಳಿಗೆ ಮೊದಲೇ ಹದ ಹಾಕಿ ಪ್ರಯೋಜನ ಇಲ್ಲ. ಬಂಡೆಗೆ ಬಡಿದರೆ ಕಾರ್ಬೈಡ್ ಚೂರಾಗುತ್ತದೆ ಅನ್ನುವುದೂ ನೆನಪಿರಲಿ. ಇಡೀ ಬ್ಲೇಡಿಗೆ ಕಾರ್ಬೈಡ್ ಹಾಕಿಸುವುದು ನನ್ನ ಲೆಕ್ಕದಲ್ಲಿ ದುಡ್ಡು ದಂಡ. ನೆಲ ಕೀಳುವ ಮುಂದಿನ ತುದಿಯ ಕೆಲವು ಹಲ್ಲುಗಳಿಗೆ ಹಾಕಿದರೆ ಸಾಕು.

ಈಗ ಪ್ರತಿ ಹಲ್ಲಿನ ಮುಖದ ಮೇಲೆ, ಭುಜಕ್ಕಿಂತ ಸ್ವಲ್ಪ ಕೆಳಗೆ, ಒಂದು ಗೆರೆ ಕೊರೆಯುತ್ತೇವೆ. ಸವೆತ ಅಲ್ಲಿಗೆ ಮುಟ್ಟಿದರೆ ಹಲ್ಲು ಹೊರಗೆ. ಅರ್ಧ ಸವೆದದ್ದನ್ನು ಮುಂದಿನ ತುದಿಯಿಂದ ತೆಗೆದು ಹಿಂದಿನ ತುದಿಗೆ ಹಾಕಿ ಉಳಿದ ಆಯಸ್ಸು ಮುಗಿಸುತ್ತಾರೆ. ಒಂದೊಂದು ಹಲ್ಲು ಒಂದೂವರೆ ಕೆಜಿ ಆಸುಪಾಸು, ಕ್ಯಾಬಿನ್ನಿನ ಡಬ್ಬಿಯಲ್ಲಿ ನಾಲ್ಕಾರು ಹಲ್ಲು, ಒಂದು ಹಿಡಿ ಪಿನ್ನು, ಬೆಣೆ, ಕನ್ನಡಕ ಇಟ್ಟುಕೊಂಡರೆ ಆಯಿತು. ಮಾಡಿಸಬೇಕು ಅನ್ನುವವರು ಮೊದಲು ಮುಂದಿನ ತುದಿಯ ಎರಡು ಅಡಿಗೆ ಮಾತ್ರ ಹಲಗೆ ಮಾಡಿಸಿ, ಉಳಿದ ಕಡೆ ಹಳೇ ಎಡ್ಜನ್ನೇ ಕತ್ತರಿಸಿ ಹಾಕಿ. ನಿಮ್ಮ ನೆಲ ಹಲ್ಲನ್ನು ಎಷ್ಟು ತಿನ್ನುತ್ತದೆ ಅನ್ನುವುದು ಆ ಎರಡು ಅಡಿಯಲ್ಲೇ ಗೊತ್ತಾಗುತ್ತದೆ.