ನುಗ್ಗೆಸೊಪ್ಪೋ ಪಾಲಕ್ಕೋ? ಸತ್ವ ಹೋಲಿಸಿ ನೋಡುವ ಬಗೆ

ಎರಡು ಸೊಪ್ಪಿನ ಸತ್ವ ಹೋಲಿಸಬೇಕು ಅಂದರೆ ಎರಡಕ್ಕೂ ಒಂದೇ ಪಟ್ಟಿ ಹಿಡಿಯಿರಿ. ನಾನು ನೋಡುವುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಭಾರತೀಯ ಆಹಾರಗಳ ಪಟ್ಟಿ. ಅದರಲ್ಲಿರುವುದು 100 ಗ್ರಾಂ ಹಸಿ ಸೊಪ್ಪಿನ ಲೆಕ್ಕ. ಕಡ್ಡಿ, ಬೇರು ತೆಗೆದ ಮೇಲೆ ತಿನ್ನಲು ಉಳಿಯುವ ಭಾಗ ಮಾತ್ರ.

ಅದರ ಪ್ರಕಾರ ನುಗ್ಗೆಸೊಪ್ಪಿನಲ್ಲಿ ಕ್ಯಾಲ್ಸಿಯಂ ಸುಮಾರು 314 ಮಿಲಿಗ್ರಾಂ, ಪಾಲಕ್‌ನಲ್ಲಿ 82. ಕಬ್ಬಿಣ 4.5, ಪಾಲಕ್‌ನಲ್ಲಿ 3ರ ಹತ್ತಿರ. ಪ್ರೋಟೀನು 6 ಗ್ರಾಂ ದಾಟುತ್ತದೆ, ಪಾಲಕ್‌ನದು 2. ಇಷ್ಟು ನೋಡಿ ನುಗ್ಗೆಯೇ ಗೆದ್ದಿತು ಅಂತ ಎದ್ದು ಹೋಗಬೇಡಿ. ಪಾಲಕ್‌ನಲ್ಲಿ ನೂರಕ್ಕೆ 90ರಷ್ಟು ನೀರೇ ಇದೆ, ನುಗ್ಗೆಯಲ್ಲಿ 75ರ ಆಸುಪಾಸು. ನೀರು ಕಮ್ಮಿ ಇದ್ದರೆ ಅಂಕಿ ತಾನಾಗಿ ದಪ್ಪ ಕಾಣುತ್ತದೆ. ನುಗ್ಗೆ ಪುಡಿಯ ಡಬ್ಬದ ಮೇಲೆ ಅಷ್ಟು ದೊಡ್ಡ ಸಂಖ್ಯೆ ಇರುವುದೂ ಅದಕ್ಕೇ. ಆದರೆ ಪುಡಿ ಯಾರಾದರೂ 100 ಗ್ರಾಂ ತಿನ್ನುತ್ತಾರಾ? ಒಂದು ಚಮಚ, ಅಷ್ಟೇ.

ಹಾಗಾಗಿ ತಟ್ಟೆಗೆ ಬೀಳುವುದನ್ನು ತೂಗಿ. ಅಡುಗೆಮನೆ ತಕ್ಕಡಿ ಸಾಕು. ಪಾಲಕ್ ಬೆಂದರೆ ಮುದುಡಿ ಹಿಡಿಯಷ್ಟಾಗುತ್ತದೆ, ಒಬ್ಬರು 100 ಗ್ರಾಂ ಸಲೀಸಾಗಿ ತಿನ್ನುತ್ತಾರೆ. ನುಗ್ಗೆಸೊಪ್ಪು ನಮ್ಮಲ್ಲಿ ತಲೆಗೆ 40 ಗ್ರಾಂ ಬಿದ್ದರೆ ಹೆಚ್ಚು. ಬಿಡಿಸುವವರಿಗೇ ಗೊತ್ತು ಅದರ ಕಷ್ಟ! (ನಮ್ಮತ್ತೆ ರಾತ್ರಿ ಕಡ್ಡಿ ಸಮೇತ ಬಟ್ಟೆಯಲ್ಲಿ ಸುತ್ತಿಡುತ್ತಾರೆ. ಬೆಳಿಗ್ಗೆ ಕೊಡವಿದರೆ ಎಲೆ ತಾನೇ ಉದುರುತ್ತದೆ.) ಈಗ ಗುಣಿಸಿ: ನುಗ್ಗೆಯಿಂದ ಕಬ್ಬಿಣ 1.8 ಮಿಲಿಗ್ರಾಂ, ಪಾಲಕ್‌ನಿಂದ 3. ಕಬ್ಬಿಣದಲ್ಲಿ ಪಾಲಕ್ ಮುಂದೆ ಬಂತು. ಕ್ಯಾಲ್ಸಿಯಂನಲ್ಲಿ ನುಗ್ಗೆಯೇ ಮುಂದೆ: ಅದರದು 125 ಮಿಲಿಗ್ರಾಂ, ಪಾಲಕ್‌ನದು 82. ಪ್ರೋಟೀನು ಹೆಚ್ಚುಕಮ್ಮಿ ಸಮ.

ಇನ್ನೊಂದು ವಿಷಯ ಪಟ್ಟಿಯ ಕ್ಯಾಲ್ಸಿಯಂ ಸಾಲಿನಲ್ಲಿ ಕಾಣುವುದಿಲ್ಲ, ಅದೇ ನನಗೆ ಎಲ್ಲಕ್ಕಿಂತ ಮುಖ್ಯ. ಪಾಲಕ್‌ನಲ್ಲಿ ಆಕ್ಸಲೇಟ್ ಅನ್ನುವ ಸಹಜ ರಾಸಾಯನಿಕ ಜಾಸ್ತಿ. ಅದು ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ಬಿಡುತ್ತದೆ. ಹಾಲಿನ ಕ್ಯಾಲ್ಸಿಯಂನಲ್ಲಿ ನೂರಕ್ಕೆ 30ರಷ್ಟು ಮೈಗೆ ಹತ್ತಿದರೆ, ಪಾಲಕ್‌ನದು 5ರಷ್ಟೇ. ಮೂಳೆಗೆ ಅಂತ ಪಾಲಕ್ ತಿನ್ನುವವರು ಇದನ್ನು ತಿಳಿದಿರಲೇಬೇಕು. ಆಕ್ಸಲೇಟ್‌ನಿಂದ ಕಿಡ್ನಿ ಕಲ್ಲಾದವರಂತೂ ಡಾಕ್ಟರನ್ನು ಕೇಳಿಯೇ ತಿನ್ನಲಿ.

ಹಾಗಂತ ಪಾಲಕ್ ಬಿಡಬೇಡಿ. ಬಸುರಿಯರಿಗೆ ಮುಖ್ಯವಾದ ಫೋಲೇಟ್ ಅನ್ನುವ ಬಿ ವಿಟಮಿನ್ ಅದರಲ್ಲಿ ನುಗ್ಗೆಗಿಂತ ಎಷ್ಟೋ ಜಾಸ್ತಿ. ತಂಗಿ ಬಸುರಿಯಾಗಿದ್ದಾಗ ನಾನು ಪಾಲಕ್ ಬೇಳೆ ಮಾಡಿ ಕೊಡುತ್ತಿದ್ದೆ, ಡಾಕ್ಟರ್ ಬರೆದ ಮಾತ್ರೆಯ ಜೊತೆಗೆ.

ಬೇಯಿಸುವ ರೀತಿಯನ್ನೂ ಲೆಕ್ಕಕ್ಕೆ ಸೇರಿಸಿ. ಫೋಲೇಟ್, ವಿಟಮಿನ್ ಸಿ ಎರಡೂ ನೀರಿಗೆ ಇಳಿಯುತ್ತವೆ, ಬಿಸಿಗೆ ಕೆಡುತ್ತವೆ. ಬಸಿದ ನೀರು ಚೆಲ್ಲಿದರೆ ಪಾಲಕ್‌ನ ಆಕ್ಸಲೇಟ್ ಒಂದಿಷ್ಟು ಹೋಗುತ್ತದೆ, ಜೊತೆಗೆ ಇವೂ ಹೋಗುತ್ತವೆ. ನುಗ್ಗೆಸೊಪ್ಪಿಗೆ ಬಸ್ಸಾರಿನಷ್ಟು ಒಳ್ಳೆ ದಾರಿ ನನಗೆ ಕಂಡಿಲ್ಲ. ಸೊಪ್ಪು ಪಲ್ಯಕ್ಕೆ, ಬಸಿದ ನೀರು ಸಾರಿಗೆ, ನೀರಿಗೆ ಇಳಿದದ್ದು ಪೋಲಾಗುವುದಿಲ್ಲ.

ಕಬ್ಬಿಣದ ವಿಷಯದಲ್ಲಿ ಇಷ್ಟು ನೆನಪಿಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಲೆಕ್ಕದಂತೆ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು. ಯಾವ ಸೊಪ್ಪೂ ಒಂದೇ ಅಷ್ಟು ಕೊಡುವುದಿಲ್ಲ. ಕೊಡುವಷ್ಟಾದರೂ ಮೈಗೆ ಸೇರಲಿ ಅಂದರೆ ಒಲೆ ಆರಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಊಟವಾದ ಕೂಡಲೇ ಕಾಫಿ, ಟೀ ಕುಡಿಯಬೇಡಿ, ಒಂದು ಗಂಟೆ ತಡೆಯಿರಿ.