ಪೋರ್ಟ್ ಇದ್ದಲ್ಲಿ ಹೊರೆ: ಅಕ್ಷರದ ಗುಂಪು ಹಿಡಿದು ಇಂಗ್ಲಿಷ್ ಪದ ಕಲಿಸಿದ ನನ್ನ ಅನುಭವ

ಕೊಪ್ಪಳದಲ್ಲಿ ನಮ್ಮ ಮನೆಯ ಪಡಸಾಲೆಯಲ್ಲೇ ಸಂಜೆ ಟ್ಯೂಷನ್ ನಡೆಸುತ್ತೇನೆ. ಬರುವವರು ಹೆಚ್ಚಾಗಿ ಎಂಟರಿಂದ ಹತ್ತನೇ ಕ್ಲಾಸಿನ ಕನ್ನಡ ಮಾಧ್ಯಮದ ಮಕ್ಕಳು. ಜೊತೆಗೆ ಬ್ಯಾಂಕು, ಪೊಲೀಸು ಅಂತ ಪರೀಕ್ಷೆಗೆ ಓದುವ ನಾಲ್ಕಾರು ದೊಡ್ಡವರು. ಎಲ್ಲರದ್ದೂ ಒಂದೇ ದೂರು: "ಅಕ್ಕೋರ, ಪದ ಬಾಯಿಪಾಠ ಮಾಡ್ತೀವ್ರಿ, ಮುಂಜಾನೆ ಏಳೋದ್ರಾಗ ಮರ್ತಿರ್ತೀವ್ರಿ."

ಮರೆಯದೆ ಇನ್ನೇನಾಗುತ್ತೆ? ಅಂಗಡಿಯಲ್ಲಿ ಸಿಗುವ ಪದಗಳ ಗೈಡುಗಳನ್ನು ತೆಗೆದು ನೋಡಿ. ಎ ಅಕ್ಷರದಿಂದ ಶುರು. ಅಬ್ಯಾಂಡನ್ ಅಂದರೆ ಬಿಟ್ಟುಬಿಡು, ಅಬಿಲಿಟಿ ಅಂದರೆ ಸಾಮರ್ಥ್ಯ, ಅಬೋರ್ಡ್ ಅಂದರೆ ಹಡಗು ಅಥವಾ ರೈಲಿನೊಳಗೆ. ಮೂರರಲ್ಲೂ ಮೊದಲು ಎ, ಆಮೇಲೆ ಬಿ. ಅಷ್ಟು ಬಿಟ್ಟರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಸುಮ್ನೆ ಅಕ್ಷರ ಕೂಡಿ ಬಂದರೆ ಸಾಲದು, ಆ ಅಕ್ಷರಗಳು ಪದದೊಳಗೆ ಏನಾದರೂ ಕೆಲಸ ಮಾಡುತ್ತಿರಬೇಕು. ಅಂಥ ಗುಂಪುಗಳನ್ನಷ್ಟೇ ನಾನು ಕಲಿಸುತ್ತೇನೆ.

ಮೊದಲು ಹಿಡಿದದ್ದು ಪಿ, ಓ, ಆರ್, ಟಿ. ಹೊಸಪೇಟೆಯಿಂದ ಗದಗಕ್ಕೆ ಹೋಗುವ ರಸ್ತೆ ನಮ್ಮೂರಿನ ಮೇಲೇ ಹಾದುಹೋಗುತ್ತೆ. ಲಾರಿಗಳ ಹಣೆ ಮೇಲೆ ಟ್ರಾನ್ಸ್‌ಪೋರ್ಟ್ ಅಂತ ಬರೆದಿದ್ದನ್ನು ನೋಡದ ಮಕ್ಕಳಿಲ್ಲ. ಲ್ಯಾಟಿನ್ ಭಾಷೆಯಲ್ಲಿ ಪೋರ್ಟಾರೆ ಅಂದರೆ ಹೊರುವುದು, ಸಾಗಿಸುವುದು. ಟ್ರಾನ್ಸ್ ಅಂದರೆ ಆಚೆಗೆ. ಆಚೆಗೆ ಸಾಗಿಸುವುದು ಟ್ರಾನ್ಸ್‌ಪೋರ್ಟ್. ಇಷ್ಟು ಹೇಳಿ ಬೋರ್ಡಿನ ಮೇಲೆ ಎಕ್ಸ್‌ಪೋರ್ಟ್ ಬರೆದೆ. ಎಕ್ಸ್ ಅಂದರೆ ಹೊರಗೆ ಅಂದೆ. ಗಂಗಾವತಿಯ ಅಕ್ಕಿ ಹೊರದೇಶಕ್ಕೆ ಹೋದರೆ ಏನಂತಾರೆ ಅಂತ ಕೇಳುವ ಮೊದಲೇ ಹುಡುಗರು ಉತ್ತರ ಕೂಗಿದರು. ಇಂಪೋರ್ಟ್ ಅನ್ನು ನಾನು ಹೇಳಿಕೊಡಲೇ ಇಲ್ಲ, ಅವರೇ ಹೇಳಿದರು.

ಪೋರ್ಟರ್ ಅಂದರೆ ಸ್ಟೇಷನ್ನಿನಲ್ಲಿ ಸಾಮಾನು ಹೊರುವವ. ಪೋರ್ಟಬಲ್ ಅಂದರೆ ಎತ್ತಿಕೊಂಡು ಹೋಗುವಂಥದ್ದು. ಸಪೋರ್ಟ್ ಅಂದರೆ ಕೆಳಗೆ ನಿಂತು ಭಾರ ಹೊರುವುದು, ಆಸರೆಯಾಗುವುದು. ರಿಪೋರ್ಟ್‌ನಲ್ಲಿ ಮಾತ್ರ ಸ್ವಲ್ಪ ಹೊತ್ತು ನಿಲ್ಲಬೇಕಾಯಿತು. ರಿ ಅಂದರೆ ಹಿಂದಕ್ಕೆ. ಎಲ್ಲೋ ನಡೆದದ್ದನ್ನು ಹೊತ್ತು ತಂದು ಇಲ್ಲಿ ಒಪ್ಪಿಸುವುದು ರಿಪೋರ್ಟ್ ಅಂತ ವಿವರಿಸಿದೆ. ಹಿಂದಿನ ಸಾಲಿನ ಹುಡುಗ ಎದ್ದು ನಿಂತ: "ಹಂಗಾರ ರಿಪೋರ್ಟರ್ ಅಂದ್ರ ಸುದ್ದಿ ಹೊರೋ ಹಮಾಲ ಏನ್ರಿ ಅಕ್ಕೋರ?" ಕ್ಲಾಸೆಲ್ಲ ನಗು. ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುತ್ತಿರಲಿಲ್ಲ.

ಅದೇ ಹುಡುಗ, ಸ್ಪೋರ್ಟ್‌ನಲ್ಲೂ ಪೋರ್ಟ್ ಇದೆಯಲ್ಲ, ಅಲ್ಲಿ ಹೊರೆ ಎಲ್ಲಿದೆ ಅಂತಲೂ ಕೇಳಿದ. ಒಳ್ಳೆ ಪ್ರಶ್ನೆ. ಹಳೆಯ ಫ್ರೆಂಚ್‌ನ ದೆಸ್‌ಪೋರ್ತೆರ್‌ನಿಂದ ಡಿಸ್‌ಪೋರ್ಟ್ ಬಂತು, ಅದರ ತಲೆ ಕತ್ತರಿಸಿ ಸ್ಪೋರ್ಟ್ ಆಯಿತು. ಮನಸ್ಸನ್ನು ಕೆಲಸದಿಂದ ಆಚೆ ಹೊತ್ತೊಯ್ಯುವುದು ಅಂತ ಅರ್ಥ. ಹಾಗಾಗಿ ಅದೂ ಇದೇ ಮನೆಯದ್ದು. ಆದರೆ ಪೋರ್ಷನ್ ಈ ಮನೆಯದ್ದಲ್ಲ, ಅದು ಪಾಲು ಅನ್ನುವ ಅರ್ಥದ ಬೇರೆ ಲ್ಯಾಟಿನ್ ಪದದಿಂದ ಬಂದದ್ದು. ಏರ್‌ಪೋರ್ಟ್‌ನ ಪೋರ್ಟ್ ಅಂದರೆ ಬಂದರು. ಇಂಥವನ್ನು ಪುಟದ ಕೆಳಗೆ ಒಂದು ಗೆರೆ ಎಳೆದು "ಹೊರಗಿನವರು" ಅಂತ ಬರೆಸುತ್ತೇನೆ. ಹೊರಗಿನವರನ್ನು ಪತ್ತೆ ಹಚ್ಚುವುದೆಂದರೆ ಮಕ್ಕಳಿಗೆ ಜಾಸ್ತಿ ಖುಷಿ.

ಪುಟ ಅಂದೆನಲ್ಲ, ಅದರ ಲೆಕ್ಕ ಹೀಗೆ. ಇನ್ನೂರು ಪುಟದ ನೋಟ್‌ಬುಕ್ಕು. ಒಂದು ಗುಂಪಿಗೆ ಒಂದು ಪುಟ. ಎಡಕ್ಕೆ ಪದ, ನಡುವೆ ಕನ್ನಡ ಲಿಪಿಯಲ್ಲಿ ಉಚ್ಚಾರ, ಬಲಕ್ಕೆ ಅರ್ಥ. ಪ್ರತಿ ಪದಕ್ಕೂ ತಮ್ಮದೇ ಒಂದು ವಾಕ್ಯ. ಗೈಡಿನಿಂದ ಕದ್ದ ವಾಕ್ಯ ನಡೆಯಲ್ಲ. ಪುಟದ ಅರ್ಧ ಖಾಲಿ ಬಿಡಬೇಕು. ಪೇಪರಿನಲ್ಲೋ ಔಷಧಿ ಡಬ್ಬಿ ಮೇಲೋ ಅದೇ ಗುಂಪಿನ ಹೊಸ ಪದ ಸಿಕ್ಕರೆ ಅಲ್ಲಿ ಸೇರಿಸುತ್ತಾರೆ.

ನಮ್ಮೂರಿಗೆ ಒಪ್ಪುವ ಗುಂಪು ಅಂದರೆ ಸ್ಕ್ರಿಪ್ಟ್. ಗವಿಮಠದ ಗುಡ್ಡದ ಮೇಲೆ ಅಶೋಕನ ಕಿರು ಶಿಲಾಶಾಸನ ಇದೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಹತ್ತಿರದ ಪಾಲ್ಕಿಗುಂಡಿನಲ್ಲಿ ಇನ್ನೊಂದಿದೆ. ಜಾತ್ರೆಗೆ ಹೋಗುವ ಮಕ್ಕಳು ಶಾಸನ ಇರುವುದನ್ನು ಕೇಳಿರುತ್ತಾರೆ. ಶಾಸನಕ್ಕೆ ಇಂಗ್ಲಿಷಿನಲ್ಲಿ ಇನ್‌ಸ್ಕ್ರಿಪ್ಷನ್. ಇನ್ ಅಂದರೆ ಒಳಗೆ, ಸ್ಕ್ರಿಪ್ಟ್ ಅಂದರೆ ಬರೆದದ್ದು. ಕಲ್ಲಿನೊಳಗೆ ಇಳಿಯುವ ಹಾಗೆ ಬರೆದದ್ದು. ಮ್ಯಾನುಸ್ಕ್ರಿಪ್ಟ್ ಅಂದರೆ ಕೈಯಲ್ಲಿ ಬರೆದದ್ದು. ಪ್ರಿಸ್ಕ್ರಿಪ್ಷನ್‌ನಲ್ಲಿ ಪ್ರಿ ಅಂದರೆ ಮುಂಚೆ. ಔಷಧಿ ಕೊಳ್ಳುವ ಮುಂಚೆ ಡಾಕ್ಟರು ಬರೆದುಕೊಡುವ ಚೀಟಿ. ಸಬ್‌ಸ್ಕ್ರೈಬ್ ಎಲ್ಲರಿಗೂ ಯೂಟ್ಯೂಬಿನಿಂದ ಗೊತ್ತು. ಸಬ್ ಅಂದರೆ ಕೆಳಗೆ. ಹಿಂದೆ ಕಾಗದದ ಕೆಳಗೆ ಹೆಸರು ಬರೆದು ಒಪ್ಪಿಗೆ ಕೊಡುತ್ತಿದ್ದರು, ಈಗ ಗುಂಡಿ ಒತ್ತುತ್ತಾರೆ. ಇಲ್ಲೇ ಒಂದು ಸ್ಪೆಲಿಂಗ್ ಗುಟ್ಟೂ ಹೇಳಿಬಿಡುತ್ತೇನೆ. ಈ ಗುಂಪಿನ ಕ್ರಿಯಾಪದದಲ್ಲಿ ಬರುವ ಬಿ ನಾಮಪದದಲ್ಲಿ ಪಿ, ಟಿ ಆಗುತ್ತೆ. ಡಿಸ್ಕ್ರೈಬ್, ಡಿಸ್ಕ್ರಿಪ್ಷನ್. ಒಂದು ಗೊತ್ತಾದರೆ ಉಳಿದವು ತಾವೇ ಬರುತ್ತವೆ.

ಇನ್ನು ಬರೆಯುವ, ಆದರೆ ಅನ್ನದ ಅಕ್ಷರಗಳು. ಕನ್ನಡ ಓದಿ ಬೆಳೆದವರಿಗೆ ಇದು ಶುದ್ಧ ಅನ್ಯಾಯ ಅನ್ನಿಸುತ್ತೆ. "ಕೆ ಐತಲ್ರಿ, ಯಾಕ ಅನ್ನಂಗಿಲ್ರಿ?" ಅಂತ ಜಗಳಕ್ಕೇ ಬರುತ್ತಾರೆ. ನೈಫ್ ಅಂದರೆ ಚಾಕು, ನೀ ಅಂದರೆ ಮೊಣಕಾಲು, ನಾಟ್ ಅಂದರೆ ಗಂಟು, ನಿಟ್ ಅಂದರೆ ಹೆಣೆ, ನಾಕ್ ಅಂದರೆ ಬಾಗಿಲು ಬಡಿ. ಎಲ್ಲದರ ಮುಂದೂ ಕೆ, ಎನ್. ಒಂದು ಕಾಲಕ್ಕೆ ಇಂಗ್ಲಿಷರು ಆ ಕೆ ಅನ್ನು ಬಾಯಿಬಿಟ್ಟು ಅನ್ನುತ್ತಿದ್ದರು. ಜರ್ಮನ್ನರು ಮೊಣಕಾಲಿಗೆ ಈಗಲೂ ಕ್ನೀ ಅನ್ನುತ್ತಾರೆ. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ. ಮುದ್ರಣ ಹರಡಿದಂತೆ ಸ್ಪೆಲಿಂಗು ಗಟ್ಟಿಯಾಗುತ್ತ ಹೋಯಿತು, ನಾಲಿಗೆ ಮಾತ್ರ ಮುಂದೆ ಹೋಯಿತು. ಇಷ್ಟು ಕಥೆ ಹೇಳಿದರೆ ಸಾಕು, ಜಗಳ ನಿಲ್ಲುತ್ತೆ. ಮನೆಯಲ್ಲಿ ಸ್ಪೆಲಿಂಗ್ ಬರೆಯುವಾಗ "ಕ್ನೈಫ್" ಅಂತ ಮನಸ್ಸಿನಲ್ಲೇ ಅಂದುಕೊಂಡು ಬರೆಯಿರಿ, ಹೊರಗೆ ನೈಫ್ ಅನ್ನಿ ಅಂತೀನಿ.

ಡೆಟ್, ಅಂದರೆ ಸಾಲ, ಅದರಲ್ಲಿನ ಬಿ ಕಥೆ ಬೇರೆ. ಅದನ್ನು ಇಂಗ್ಲಿಷಿನಲ್ಲಿ ಯಾವತ್ತೂ ಅನ್ನುತ್ತಿರಲಿಲ್ಲ. ಫ್ರೆಂಚಿನಿಂದ ಬಂದಾಗ ಪದದಲ್ಲಿ ಬಿ ಇರಲೇ ಇಲ್ಲ. ಲ್ಯಾಟಿನ್ ಮೂಲ ಡೆಬಿಟುಮ್ ಅಂತ ತೋರಿಸಲು ಓದಿದವರು ಆಮೇಲೆ ಸೇರಿಸಿದರು. ಪರೀಕ್ಷೆಗೆ ಓದುವವರಿಗೆ ನಾನು ಮೊಬೈಲ್ ತೆಗೆಸಿ ಬ್ಯಾಂಕಿನ ಮೆಸೇಜ್ ತೋರಿಸಲು ಹೇಳುತ್ತೇನೆ. ಖಾತೆಯಿಂದ ದುಡ್ಡು ಹೋದಾಗ ಡೆಬಿಟ್ ಅಂತ ಬರುತ್ತಲ್ಲ, ಅಲ್ಲಿ ಬಿ ಕೇಳಿಸುತ್ತೆ. ಡೆಟ್‌ನಲ್ಲಿ ಅಡಗಿ ಕೂತಿರುವುದೂ ಅದೇ ಬಿ. ಡೌಟ್‌ನ ಬಿ ಸೇರಿದ್ದೂ ಹೀಗೇ.

ಚಿಕ್ಕವರಿಗೆ ಸದ್ದಿನ ಗುಂಪು ಇಷ್ಟ. ಜಿ, ಎಲ್ ಬಂದರೆ ಬೆಳಕು: ಗ್ಲೋ, ಗ್ಲೀಮ್, ಗ್ಲಿಟರ್. ನಮ್ಮ ಥಳಥಳ, ಪಳಪಳ ಇದ್ದ ಹಾಗೆ. ಎಸ್, ಎನ್ ಬಂದರೆ ಮೂಗು: ಸ್ನೀಜ್ ಅಂದರೆ ಸೀನು, ಸ್ನೋರ್ ಅಂದರೆ ಗೊರಕೆ, ಸ್ನಿಫ್ ಅಂದರೆ ಮೂಸು. ಇದು ನಿಯಮ ಅಲ್ಲ, ಒಲವು ಅಷ್ಟೇ. ಸ್ನೇಕ್, ಸ್ನೋ ಎರಡಕ್ಕೂ ಮೂಗಿನ ಗೊಡವೆ ಇಲ್ಲ.

ಒಂದು ಕಡೆ ಮಾತ್ರ ಅಕ್ಷರ ಕೂಡುವ ಪದಗಳನ್ನು ಬೇಕಂತಲೇ ದೂರ ಇಡುತ್ತೇನೆ. ಅಡಾಪ್ಟ್ ಅಂದರೆ ಹೊಂದಿಕೊಳ್ಳು, ಅದನ್ನೇ ಹೋಲುವ ಇನ್ನೊಂದರಲ್ಲಿ ನಡುವೆ ಎ ಬದಲು ಓ, ಅರ್ಥ ದತ್ತು ತೆಗೆದುಕೊಳ್ಳು. ಕ್ವಯೆಟ್ ಅಂದರೆ ಸದ್ದಿಲ್ಲದ, ಕ್ವೈಟ್ ಅಂದರೆ ಸಾಕಷ್ಟು. ಇವನ್ನು ಜೋಡಿಯಾಗಿ ಒಂದೇ ದಿನ ಕಲಿಸುವ ಗೈಡುಗಳಿವೆ. ಹಾಗೆ ಕಲಿತವರು ಜೀವನವಿಡೀ ಅದೋ ಇದೋ ಅಂತ ಅನುಮಾನ ಪಡುತ್ತಾರೆ. ಒಂದು ಪದ ಬಾಯಲ್ಲಿ ಕೂತು, ವಾಕ್ಯದಲ್ಲಿ ತಾನಾಗಿ ಬರುವ ತನಕ ಇನ್ನೊಂದರ ಸುದ್ದಿಯೇ ಎತ್ತುವುದಿಲ್ಲ.

ಕೊನೆಗೆ ಉಳಿಯುವುದು ಜಿ, ಎಚ್. ಟಫ್, ರಫ್, ಇನಫ್, ಕಾಫ್, ಲಾಫ್ ಇವುಗಳಲ್ಲಿ ಅದು ಫ್. ದೋ, ಥ್ರೂ, ಥಾಟ್, ನೈಟ್ ಇವುಗಳಲ್ಲಿ ಸದ್ದೇ ಇಲ್ಲ. ಹಿಂದೆ ಗಂಟಲಿನಿಂದ ಬರುತ್ತಿದ್ದ ಒಂದು ಸದ್ದಿತ್ತು, ಅದು ಕೆಲವು ಕಡೆ ಫ್ ಆಯಿತು, ಕೆಲವು ಕಡೆ ಮಾಯವಾಯಿತು. ಯಾವುದು ಎಲ್ಲಿ ಅನ್ನುವುದಕ್ಕೆ ಮಕ್ಕಳಿಗೆ ಹೇಳುವಂಥ ಸೂತ್ರ ಇಲ್ಲ. ಪುಟವನ್ನು ಎರಡು ಭಾಗ ಮಾಡಿಸಿ, ಫ್ ಅನ್ನುವವು ಎಡಕ್ಕೆ, ಅನ್ನದವು ಬಲಕ್ಕೆ ಬರೆಸುತ್ತೇನೆ. ಹೊಸದು ಸಿಕ್ಕರೆ ಡಿಕ್ಷನರಿ ನೋಡಿ ಅವರೇ ಸೇರಿಸಬೇಕು. ಮರದ ಕೊಂಬೆಗೆ ಬೌ ಅಂತ ಒಂದು ಪದ ಇದೇ ಗುಂಪಿನಲ್ಲಿದೆ. ಅದನ್ನು ಮಾತ್ರ ಕಲಿಸುವುದಿಲ್ಲ. ಬ್ರಾಂಚ್ ಗೊತ್ತಿದ್ದರೆ ಹತ್ತನೇ ಕ್ಲಾಸಿಗೆ ಸಾಕು.